ಬಂದೂಕಿನ ಜೋರು ತೋಟ ಕಾಯುವುದಿಲ್ಲ

ಆಲೂರು, ಸಕಲೇಶಪುರದ ಕಾಫಿ ಸೀಮೆಯಲ್ಲಿ, ಈಚೆ ಮಗ್ಗೆ, ಬಾಳ್ಳುಪೇಟೆ, ಕೆಂಚಮ್ಮನ ಹೊಸಕೋಟೆಯಿಂದ ಆಚೆ ಹೆತ್ತೂರು, ಯಸಳೂರಿನವರೆಗೆ, ಮಂಗನ ಕಾಟದ ಮಾತು ಎಲ್ಲಿಂದ ಶುರುವಾದರೂ ಒಂದೇ ಕಡೆ ಬಂದು ನಿಲ್ಲುತ್ತದೆ: ಇನ್ನೂ ಜೋರಾದ ಬಂದೂಕು ಬೇಕು. ಕವಣೆ ಸಾಲದಾದರೆ ಏರ್‌ಗನ್, ಅದೂ ಸಾಲದಾದರೆ ಕೋವಿ. ಕೋವಿಗೆ ಪರವಾನಗಿ ಸಿಗದವರಿಗೆ, ಸಿಕ್ಕರೂ ಅದರ ರಗಳೆ ಬೇಡವೆನ್ನುವವರಿಗೆ, ಬ್ಯಾಟರಿಯಿಂದ ಓಡುವ ಏರ್‌ಸಾಫ್ಟ್ ರೈಫಲ್ ಸಾಕೆಂಬ ಸಲಹೆ ಈಗ ಸಿಗುತ್ತದೆ. ಅದರ ಹಿಂದೆಯೇ ಇನ್ನೆರಡು ಸಲಹೆಗಳು ಬರುತ್ತವೆ. 7.4 ವೋಲ್ಟಿನ ಬ್ಯಾಟರಿ ತೆಗೆದು 11.1 ವೋಲ್ಟಿನದು ಹಾಕಿದರೆ ಹೊಡೆತ ಬಲವಾಗುತ್ತದೆ; ಮುಂಭಾಗದ ಪ್ಲಾಸ್ಟಿಕ್ ಹ್ಯಾಂಡ್‌ಗಾರ್ಡ್ ತೆಗೆದು ಉದ್ದನೆಯ ಅಲ್ಯೂಮಿನಿಯಮ್ಮಿನದು ಕೂರಿಸಿದರೆ ಗುರಿ ನೇರವಾಗುತ್ತದೆ. ಈ ಮೂರು ಸಲಹೆಗಳೂ ತಪ್ಪು. ಮೊದಲನೆಯದು ತೋಟವನ್ನು ಕಾಯುವುದಿಲ್ಲ, ಉಳಿದೆರಡು ಬಂದೂಕನ್ನೂ ಉತ್ತಮಪಡಿಸುವುದಿಲ್ಲ. ಮಂಗನಿಂದ ಬೆಳೆ ಕಳೆದುಕೊಂಡವರ ಸಂಕಟ ಸುಳ್ಳಲ್ಲ. ಬಾಳೆಗೊನೆ, ಏಲಕ್ಕಿಯ ಸುಳಿ, ಹಣ್ಣಾದ ಕಾಫಿ, ಮನೆ ಹಿಂದಿನ ತರಕಾರಿ ಎಲ್ಲವೂ ಒಂದೇ ಬೆಳಗಿನಲ್ಲಿ ಹಾಳಾಗುವುದುಂಟು. ಆ ಸಂಕಟ ನಿಜವಾಗಿರುವುದರಿಂದಲೇ ಅದಕ್ಕೆ ಕೊಡುವ ಉತ್ತರವೂ ಪರೀಕ್ಷೆಗೆ ನಿಲ್ಲಬೇಕು.

ಮೊದಲು ಬ್ಯಾಟರಿ. ಏರ್‌ಸಾಫ್ಟ್ ರೈಫಲ್ 6 ಮಿಲಿಮೀಟರ್ ವ್ಯಾಸದ ಪ್ಲಾಸ್ಟಿಕ್ ಗುಂಡನ್ನು ಗಾಳಿಯ ಒತ್ತಡದಿಂದ ಹಾರಿಸುತ್ತದೆ. ಜಪಾನಿನಲ್ಲಿ ಆಟಕ್ಕೆಂದೇ ಬೆಳೆದ ಸಾಧನ ಇದು; ಟೋಕಿಯೊ ಮಾರುಯಿ ಕಂಪನಿ 1991ರಲ್ಲಿ ಫಾಮಾಸ್ ಮಾದರಿಯನ್ನು ತಂದಾಗಿನಿಂದ ವಿದ್ಯುತ್ ಮೋಟಾರಿನ ವಿಧಾನ ರೂಢಿಗೆ ಬಂತು. ಒಳಗಿನ ಕೆಲಸ ಸರಳ. ಮೋಟಾರು ಗೇರುಗಳನ್ನು ತಿರುಗಿಸುತ್ತದೆ, ಗೇರು ಪಿಸ್ಟನ್ನನ್ನು ಹಿಂದಕ್ಕೆಳೆದು ಸ್ಪ್ರಿಂಗನ್ನು ಅದುಮುತ್ತದೆ, ಗೇರಿನ ಹಲ್ಲು ಮುಗಿದೊಡನೆ ಸ್ಪ್ರಿಂಗ್ ಪಿಸ್ಟನ್ನನ್ನು ಮುಂದಕ್ಕೆ ಚಿಮ್ಮಿಸುತ್ತದೆ, ಆ ಗಾಳಿ ಗುಂಡನ್ನು ನಳಿಗೆಯಿಂದ ಹೊರಗೆ ದೂಡುತ್ತದೆ. ಗುಂಡಿನ ವೇಗವನ್ನು ತೀರ್ಮಾನಿಸುವುದು ಸ್ಪ್ರಿಂಗಿನ ಬಿಗಿ, ಸಿಲಿಂಡರಿನಲ್ಲಿರುವ ಗಾಳಿ, ಗಾಳಿ ಸೋರದ ಜೋಡಣೆ ಮತ್ತು ನಳಿಗೆ. ಬ್ಯಾಟರಿಗೆ ಇದರಲ್ಲಿ ಪಾಲಿಲ್ಲ. ಎರಡು ಸೆಲ್ಲಿನ 7.4 ವೋಲ್ಟಿನ ಬದಲು ಮೂರು ಸೆಲ್ಲಿನ 11.1 ವೋಲ್ಟ್ ಹಾಕಿದರೆ ಮೋಟಾರು ಹೆಚ್ಚು ವೇಗವಾಗಿ ತಿರುಗುತ್ತದೆ, ಕುದುರೆ ಒತ್ತಿದ ಕೂಡಲೇ ಗುಂಡು ಹೊರಡುತ್ತದೆ, ಸೆಕೆಂಡಿಗೆ ಹೊರಡುವ ಗುಂಡುಗಳು ಹೆಚ್ಚಾಗುತ್ತವೆ. ಒಂದೊಂದು ಗುಂಡಿನ ಬಲ ಮಾತ್ರ ಹಿಂದೆ ಎಷ್ಟಿತ್ತೋ ಅಷ್ಟೇ. ಅದೇ ಸ್ಪ್ರಿಂಗು ಅಷ್ಟೇ ಅದುಮಿಕೊಂಡು ಅಷ್ಟೇ ಬಿಚ್ಚಿಕೊಳ್ಳುತ್ತದೆ. ಬದಲಾಗುವುದು ಬಂದೂಕಿನ ಆಯುಸ್ಸು: ಹೆಚ್ಚಿದ ವೇಗಕ್ಕೆಂದು ಮಾಡಿರದ ಪಿಸ್ಟನ್ನಿನ ಹಲ್ಲು ಕಿತ್ತುಹೋಗುತ್ತದೆ, ಕುದುರೆಯ ತಾಮ್ರದ ಸಂಪರ್ಕ ಕಿಡಿ ಹಾರಿ ಕರಕಾಗುತ್ತದೆ. ಹೊಡೆತ ಬಲವಾಗಲೆಂದು ಬ್ಯಾಟರಿ ಬದಲಿಸಿದವರಿಗೆ ಬಲ ಸಿಗುವುದಿಲ್ಲ, ರಿಪೇರಿ ಸಿಗುತ್ತದೆ.

ಬ್ಯಾಟರಿಯ ಆಯ್ಕೆಯಲ್ಲಿ ನಿಜವಾಗಿ ಕೇಳಬೇಕಾದ ಪ್ರಶ್ನೆಗಳು ಬೇರೆ. ಮೋಟಾರು ಕೇಳುವಷ್ಟು ಕರೆಂಟನ್ನು ಅದು ಬಿಸಿಯಾಗದೆ ಕೊಡಬಲ್ಲದೆ? 1200 ಮಿಲಿ ಆಂಪಿಯರ್ ಅವರ್ ಸಾಮರ್ಥ್ಯದ, 20 ಸಿ (ಅಂದರೆ ಸಾಮರ್ಥ್ಯದ 20 ಪಟ್ಟು ಕರೆಂಟು) ಎಂದು ಬರೆದಿರುವ ಪ್ಯಾಕು ಲೆಕ್ಕಕ್ಕೆ 24 ಆಂಪಿಯರ್ ಕೊಡಬೇಕು. ಚೀಟಿಯ ಮೇಲಿನ ಸಿ ಅಂಕಿಯನ್ನು ಅಗ್ಗದ ತಯಾರಕರು ಉಬ್ಬಿಸಿ ಬರೆಯುವುದು ಸಾಮಾನ್ಯವಾದ್ದರಿಂದ ಆ ಲೆಕ್ಕವನ್ನು ಪೂರ್ತಿ ನಂಬುವಂತಿಲ್ಲ. ಲಿಥಿಯಂ ಪಾಲಿಮರ್ ಸೆಲ್ಲು ತುಂಬಿದಾಗ 4.2 ವೋಲ್ಟ್ ಇರುತ್ತದೆ. 3 ವೋಲ್ಟಿಗಿಂತ ಕೆಳಗಿಳಿದರೆ ಕೆಡುತ್ತದೆ, ಎತ್ತಿಡುವಾಗ 3.8ರ ಆಸುಪಾಸಿನಲ್ಲಿರಬೇಕು. ಸೀಸನ್ ಮುಗಿದ ಮೇಲೆ ತುಂಬಿದ ಬ್ಯಾಟರಿಯನ್ನು ಹಾಗೆಯೇ ಅಟ್ಟಕ್ಕೆ ಹಾಕಿದರೆ, ಬಿಸಿಲಿಗೆ ನಿಂತ ಜೀಪಿನ ಮುಂದೆ ಮರೆತರೆ, ಅದು ಉಬ್ಬಿಕೊಳ್ಳುತ್ತದೆ. ಉಬ್ಬಿದ್ದನ್ನು ಮತ್ತೆ ಚಾರ್ಜಿಗೆ ಹಾಕುವುದು ಬೆಂಕಿಯನ್ನು ಕರೆದ ಹಾಗೆ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ಹೋಗುತ್ತ ಬರುತ್ತ ಇರುತ್ತದೆ, ವೋಲ್ಟೇಜು ಏರುತ್ತ ಇಳಿಯುತ್ತದೆ. ಗೋಣಿಚೀಲ, ಒಣಗಿದ ಕಾಫಿ, ಮರದ ಅಟ್ಟ ಇರುವ ಮನೆಯಲ್ಲಿ ಅಗ್ಗದ ಚಾರ್ಜರಿಗೆ ಈ ಪ್ಯಾಕು ಸಿಕ್ಕಿಸಿ ತೋಟಕ್ಕೆ ಹೋಗುವುದು ತಿಳಿದೂ ಮಾಡುವ ಅನಾಹುತ. ವೋಲ್ಟೇಜಿನ ಅಂಕಿಯೊಂದನ್ನೇ ಹಿಡಿದು ಮಾತಾಡುವವರು ಈ ಯಾವುದನ್ನೂ ಹೇಳುವುದಿಲ್ಲ.

ಹ್ಯಾಂಡ್‌ಗಾರ್ಡಿನ ವಾದ ಇದಕ್ಕಿಂತ ಪೊಳ್ಳು. ನಿಜವಾದ ರೈಫಲ್ಲಿನಲ್ಲಿ ಆ ಭಾಗ ಯಾಕಿದೆ ಎಂದು ಕೇಳಿದರೆ ಸಾಕು. ಸಿಡಿಮದ್ದು ಉರಿದು ನಳಿಗೆ ಕಾಯುತ್ತದೆ, ಕೈ ಸುಡಬಾರದೆಂದು ಅದರ ಸುತ್ತ ಕವಚ ಬೇಕು. ಆ ಕವಚ ನಳಿಗೆಗೆ ತಾಗದಂತೆ, ಹಿಂದೆ ಮಾತ್ರ ಬಿಗಿದು ನಿಲ್ಲಿಸುವ ಪದ್ಧತಿ ಆಮೇಲೆ ಬಂದದ್ದು, ಕೈಯ ಒತ್ತಡವೋ ಪಟ್ಟಿಯ ಎಳೆತವೋ ನಳಿಗೆಯನ್ನು ಬಾಗಿಸಿ ದೂರದ ಗುರಿ ತಪ್ಪಿಸಬಾರದೆಂದು. ಏರ್‌ಸಾಫ್ಟಿನಲ್ಲಿ ಈ ಎರಡೂ ಕಾರಣಗಳಿಲ್ಲ. ಗಾಳಿ ಹಾಯುವ ನಳಿಗೆ ಕಾಯುವುದಿಲ್ಲ. ಗುಂಡು ಸಾಗುವುದು ಹೊರನಳಿಗೆಯೊಳಗೆ ಬೇರೆಯಾಗಿ ಕೂತ ಸಣ್ಣ ಒಳನಳಿಗೆಯಲ್ಲಿ. ಗುಂಡಿಗೆ ಹಿಮ್ಮುಖ ತಿರುವು ಕೊಟ್ಟು ಗಾಳಿಯಲ್ಲಿ ಎತ್ತಿ ಹಿಡಿಯುವುದು ಅದರ ಬುಡದಲ್ಲಿರುವ ಹಾಪ್‌ಅಪ್ ಎಂಬ ರಬ್ಬರು. ಗುರಿ ಸುಧಾರಿಸಬೇಕಾದವರು ಆ ರಬ್ಬರನ್ನೂ ಒಳನಳಿಗೆಯನ್ನೂ ಗುಂಡಿನ ಗುಣಮಟ್ಟವನ್ನೂ ನೋಡಬೇಕು. ಹೊರಗಿನ ಅಲ್ಯೂಮಿನಿಯಮ್ ಕೊಳವೆ 7 ಇಂಚಿದ್ದರೇನು, 15 ಇಂಚಿದ್ದರೇನು, ಗುಂಡಿಗೆ ಅದರ ಸುದ್ದಿಯೇ ಮುಟ್ಟುವುದಿಲ್ಲ. ನಷ್ಟ ಮಾತ್ರ ನಿಜ. ಸೇನೆಯ ಎಂ4 ರೈಫಲ್ಲಿನ ಮಾದರಿಯ ಅನೇಕ ಬಂದೂಕುಗಳಲ್ಲಿ ಬ್ಯಾಟರಿ ಕೂರುವುದು ಆ ದಪ್ಪ ಪ್ಲಾಸ್ಟಿಕ್ ಹ್ಯಾಂಡ್‌ಗಾರ್ಡಿನೊಳಗೇ. ಅದನ್ನು ತೆಗೆದು ಸಪೂರ ಅಲ್ಯೂಮಿನಿಯಮ್ ಕೊಳವೆ ಹಾಕಿದರೆ ಬ್ಯಾಟರಿಗೆ ಜಾಗವಿರುವುದಿಲ್ಲ. ಆಗ ಕಡ್ಡಿಯಂಥ ತೆಳು ಸೆಲ್ಲುಗಳನ್ನು ತುರುಕುತ್ತಾರೆ, ವೈರನ್ನು ಲೋಹದ ಅಂಚಿನ ಮೇಲೆ ಎಳೆಯುತ್ತಾರೆ. ಅಂಚು ವೈರಿನ ಹೊದಿಕೆಯನ್ನು ಸವೆಸಿದ ದಿನ ಶಾರ್ಟ್ ಆಗುತ್ತದೆ, ನಡುವೆ ಫ್ಯೂಸ್ ಇಲ್ಲದಿದ್ದರೆ ಬೆಂಕಿ ಹೊತ್ತುವುದು ಬಂದೂಕು ಹಿಡಿದವರ ಅಂಗೈಯ ಕೆಳಗೆ. ಬ್ಯಾಟರಿಗೆ ತಕ್ಕ ಹ್ಯಾಂಡ್‌ಗಾರ್ಡ್ ಇರಬೇಕು. ರೂಢಿಯ ಸಲಹೆ ಹ್ಯಾಂಡ್‌ಗಾರ್ಡಿಗೆ ತಕ್ಕಂತೆ ಬ್ಯಾಟರಿಯನ್ನು ಹಿಂಡಲು ಹೇಳುತ್ತದೆ.

ಹಾಗಾದರೆ ಉದ್ದನೆಯ ಕಪ್ಪು ಹ್ಯಾಂಡ್‌ಗಾರ್ಡಿನಿಂದ ಸಿಗುವುದೇನು? ಬಂದೂಕು ಸೇನೆಯ ರೈಫಲ್ಲಿನಂತೆ ಕಾಣುತ್ತದೆ. ಮಂಗನಿಗೆ ಆ ವ್ಯತ್ಯಾಸ ಬೇಕಿಲ್ಲ. ಮನುಷ್ಯರಿಗೆ ಅದು ತಿಳಿಯುತ್ತದೆ, ಅಪಾಯ ಇರುವುದು ಅಲ್ಲಿ. ಬಿಸಿಲೆ, ಸುಬ್ರಹ್ಮಣ್ಯದ ಕಡೆಗಿನ ಕಾಡಂಚು ಎರಡು ದಶಕ ನಕ್ಸಲ್ ನಿಗ್ರಹ ಪಡೆಯ ಓಡಾಟ ಕಂಡ ಪಶ್ಚಿಮ ಘಟ್ಟದ ಸೀಮೆಗೆ ಸೇರಿದ್ದು. ಹೆಬ್ರಿ ತಾಲ್ಲೂಕಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಎನ್‌ಕೌಂಟರಿನಲ್ಲಿ ಸತ್ತದ್ದು 2024ರ ನವೆಂಬರಿನಲ್ಲಿ, ಆರು ಜನ ನಕ್ಸಲರು ಶರಣಾದದ್ದು 2025ರ ಜನವರಿಯಲ್ಲಿ. ಇದು ಹಳೆಯ ಚರಿತ್ರೆಯಲ್ಲ. ಕಳ್ಳಬೇಟೆಗಾರರನ್ನು ಹುಡುಕುವ ಅರಣ್ಯ ಸಿಬ್ಬಂದಿ, ಆನೆಯ ಜಾಡು ಹಿಡಿದು ರಾತ್ರಿ ತೋಟ ತೋಟ ಸುತ್ತುವ ತಂಡಗಳು ಇಲ್ಲಿ ದಿನನಿತ್ಯ ಇರುತ್ತವೆ. ಮಸುಕು ಬೆಳಕಿನಲ್ಲಿ ಕಾಫಿ ಗಿಡಗಳ ನಡುವೆ ಎಂ4 ಹಿಡಿದು ನಿಂತ ಹುಡುಗನನ್ನು ಕಂಡವರು ಅದರೊಳಗೆ ಪ್ಲಾಸ್ಟಿಕ್ ಗುಂಡಿದೆಯೆಂದು ಊಹಿಸಲಿ ಎನ್ನುವುದು ಯಾವ ನ್ಯಾಯ? ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ 2014ರ ನವೆಂಬರಿನಲ್ಲಿ 12 ವರ್ಷದ ಟಮಿರ್ ರೈಸ್ ಎಂಬ ಬಾಲಕನನ್ನು ಪೊಲೀಸರು ಗುಂಡಿಟ್ಟು ಕೊಂದಾಗ ಅವನ ಬಳಿಯಿದ್ದದ್ದು ತುದಿಯ ಕಿತ್ತಳೆ ಗುರುತು ಇಲ್ಲದ ಏರ್‌ಸಾಫ್ಟ್ ಪಿಸ್ತೂಲು. ಬ್ರಿಟನ್ನಿನ 2006ರ ಕಾನೂನು ನಿಜದಂತೆ ಕಾಣುವ ನಕಲು ಬಂದೂಕುಗಳ ಮಾರಾಟವನ್ನೇ ಬಿಗಿಮಾಡಿತು. ನಮ್ಮ 1959ರ ಆಯುಧ ಕಾಯ್ದೆಯೂ ಆಟಿಕೆಯನ್ನು ಆಯುಧದ ವ್ಯಾಖ್ಯೆಯಿಂದ ಬಿಡುವುದು ಒಂದು ಷರತ್ತಿನ ಮೇಲೆ: ಅದು ಆಟಿಕೆಯಾಗಿ ಮಾತ್ರ ಬಳಸಬಹುದಾದ್ದಾಗಿರಬೇಕು, ಕೆಲಸಕ್ಕೆ ಬರುವ ಆಯುಧವಾಗಿ ಪರಿವರ್ತಿಸಲು ಆಗದಂಥದ್ದಾಗಿರಬೇಕು. ನಕಲು ಬಂದೂಕನ್ನು ಪರವಾನಗಿಯಿಲ್ಲದೆ ನಿಜದ ಬಂದೂಕಾಗಿ ಮಾರ್ಪಡಿಸುವುದನ್ನು ಅದೇ ಕಾಯ್ದೆಯ 6ನೇ ಕಲಂ ನಿಷೇಧಿಸುತ್ತದೆ. ‘ಆಟಿಕೆಯೇ ತಾನೇ’ ಎಂದು ಶುರುಮಾಡಿ ಒಂದೊಂದೇ ಭಾಗ ಬದಲಿಸುತ್ತ ಹೋಗುವವರು ಆ ರಕ್ಷಣೆಯಿಂದಲೇ ದೂರ ಸರಿಯುತ್ತಿರುತ್ತಾರೆ.

ಇನ್ನು ಬಲದ ಲೆಕ್ಕಕ್ಕೆ ಬರೋಣ, ನನ್ನ ವಾದದ ತಿರುಳು ಅದು. 0.2 ಗ್ರಾಂ ತೂಕದ ಪ್ಲಾಸ್ಟಿಕ್ ಗುಂಡು ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ ಒಂದು ಜೌಲ್. ಜಪಾನ್ 2006ರಲ್ಲಿ ಏರ್‌ಸಾಫ್ಟಿಗೆ ಹಾಕಿದ ಮಿತಿ ಒಂದು ಜೌಲಿಗಿಂತ ಸ್ವಲ್ಪ ಕಡಿಮೆ. ನಮ್ಮ 2016ರ ಆಯುಧ ನಿಯಮಗಳಲ್ಲಿ ಏರ್‌ಗನ್ನಿಗೆ ಪರವಾನಗಿಯಿಲ್ಲದೆ ಸಲ್ಲುವ ಮಿತಿ 20 ಜೌಲ್ ಮತ್ತು 0.177 ಇಂಚಿನ ನಳಿಗೆ. ಒಂದು ಜೌಲಿನ ಗುಂಡು ನಲವತ್ತು ಐವತ್ತು ಮೀಟರ್ ದಾಟುವಷ್ಟರಲ್ಲಿ ಸೋತಿರುತ್ತದೆ, ನಡುವೆ ಎಲೆ ಅಡ್ಡ ಬಂದರೆ ದಿಕ್ಕು ತಪ್ಪುತ್ತದೆ. ಮಂಗ ಕೂರುವುದು ಸಿಲ್ವರ್ ಮರದ ತುದಿಯಲ್ಲಿ, ಹಲಸಿನ, ಅತ್ತಿಯ ದಟ್ಟ ಎಲೆಯ ಮರೆಯಲ್ಲಿ. ಅಲ್ಲಿಗೆ ತಲಪಿದರೂ ಅದರ ರೋಮದ ಮೇಲೆ ಒಂದು ಚುರುಕು ಮುಟ್ಟಬಹುದು. ಅದೇ ಗುಂಡು ಕೆಳಗೆ ಕಾಫಿ ಕೊಯ್ಯುತ್ತಿರುವ ಹೆಂಗಸಿನ ಕಣ್ಣಿಗೆ ಬಿದ್ದರೆ ಕಣ್ಣೊಳಗೆ ರಕ್ತ ತುಂಬಲು, ದೃಷ್ಟಿ ಹೋಗಲು ಅಷ್ಟೇ ಬಲ ಸಾಕು. ಏರ್‌ಸಾಫ್ಟ್ ಆಟದ ಮೈದಾನದಲ್ಲಿ ಕನ್ನಡಕವಿಲ್ಲದೆ ಯಾರನ್ನೂ ಒಳಗೆ ಬಿಡದಿರುವುದು ಇದಕ್ಕೇ. ನಮ್ಮ ಕೊಯ್ಲಿನ ಆಳುಗಳಿಗೆ ಯಾರು ಕನ್ನಡಕ ಕೊಟ್ಟಿದ್ದಾರೆ? ಇನ್ನೊಂದು ಹಾನಿ ಬೆಳೆಗಾರರೇ ಲೆಕ್ಕ ಹಾಕಬೇಕಾದದ್ದು. ಹೆಚ್ಚು ವೋಲ್ಟಿನ ಬ್ಯಾಟರಿ ಹಾಕಿ ಸೆಕೆಂಡಿಗೆ ಹತ್ತಿಪ್ಪತ್ತು ಗುಂಡು ಚೆಲ್ಲಿದರೆ ಅಷ್ಟೂ ಪ್ಲಾಸ್ಟಿಕ್ ಕಾಳುಮೆಣಸಿನ ಬಳ್ಳಿಯ ಬುಡದಲ್ಲಿ, ಕಾಫಿಯ ತರಗೆಲೆಯಲ್ಲಿ, ಕಣದ ಅಂಚಿನಲ್ಲಿ ಉಳಿಯುತ್ತದೆ. ಮೆಣಸಿನ ಕಾಳಿಗಿಂತ ತುಸು ದಪ್ಪದ ಆ ಉಂಡೆಯನ್ನು ನೆಲದಿಂದ ಬಳಿದ ಫಸಲಿನಿಂದ ಆರಿಸುವುದು ಸುಲಭವಲ್ಲ. ಕರಗುವ ಗುಂಡು ಎಂದು ಮಾರುವವೂ ಹೆಚ್ಚಿನವು ತೋಟದ ತಂಪು ಮಣ್ಣಿನಲ್ಲಿ ವರ್ಷಗಟ್ಟಲೆ ಹಾಗೆಯೇ ಇರುತ್ತವೆ.

ಒಂದು ಜೌಲ್ ಸಾಲದು, ಇನ್ನಷ್ಟು ಏರಿಸೋಣ ಎನ್ನುವವರು ಅದರ ಕೊನೆ ಯಾವುದೆಂದು ಹೇಳಬೇಕು. ಬಿಗಿ ಸ್ಪ್ರಿಂಗು ಹಾಕಿ, ಭಾರದ ಗುಂಡು ಹಾಕಿ, ಅದೂ ಬೇಡವೆಂದು ಏರ್‌ಗನ್ನಿನ ಸೀಸದ ಗುಂಡಿಗೆ ದಾಟಿದರೆ ಚರ್ಮ ಹರಿಯುವ ಬಲ ಬರುತ್ತದೆ. ಆ ಬಲ ಮಂಗನನ್ನು ಸ್ಥಳದಲ್ಲೇ ಕೊಲ್ಲುವುದು ಅಪರೂಪ. ಹೊಟ್ಟೆಗೋ ಕಣ್ಣಿಗೋ ಸೀಸ ಹೊಕ್ಕು, ಕೀವಾಗಿ, ವಾರಗಟ್ಟಲೆ ನರಳಿ ಅದು ಎಲ್ಲೋ ಪೊದೆಯಲ್ಲಿ ಸಾಯುತ್ತದೆ. ನಮ್ಮ ಕೆಂಪು ಮೋರೆಯ ಮಂಗ ದಕ್ಷಿಣ ಭಾರತದಲ್ಲಿ ಮಾತ್ರ ಇರುವ ಜಾತಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ನಂತರ ಅದು ಮೊದಲನೆಯ ಪಟ್ಟಿಯಲ್ಲಿದೆ. ಆ ಪಟ್ಟಿಯ ಪ್ರಾಣಿಯ ಬೇಟೆಗೆ ಮೂರರಿಂದ ಏಳು ವರ್ಷ ಸೆರೆ, ಕನಿಷ್ಠ 25 ಸಾವಿರ ರೂಪಾಯಿ ದಂಡ. ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ, ಗಾಯಗೊಳಿಸುವುದೂ ಸೇರಿದೆ. ಕಾನೂನನ್ನು ಬದಿಗಿಟ್ಟರೂ ಮಂಗನ ಕಾಯಿಲೆ ಉಳಿಯುತ್ತದೆ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಆ ಜ್ವರವನ್ನು ಹರಡುವುದು ಉಣ್ಣೆ. ಸೋಂಕು ತಗುಲಿದ ಮಂಗ ಸತ್ತು ಬಿದ್ದ ಜಾಗದಲ್ಲಿ ಅದರ ಮೈಮೇಲಿನ ಉಣ್ಣೆಗಳು ನೆಲಕ್ಕಿಳಿದು ಅಲ್ಲಿ ಓಡಾಡುವ ಮನುಷ್ಯರಿಗೆ ಹತ್ತುತ್ತವೆ. ಸತ್ತ ಮಂಗ ಕಂಡರೆ ಆರೋಗ್ಯ ಇಲಾಖೆಗೆ ತಿಳಿಸಿ ಎಂದು ಮಲೆನಾಡಿನಾದ್ಯಂತ ಹೇಳುವುದು ಆ ಕಾರಣಕ್ಕೆ. ಗುಂಡು ತಿಂದ ಮಂಗ ತೋಟದ ಮೂಲೆಯಲ್ಲಿ ಸತ್ತರೆ ಹೊಡೆದವರು ಯಾರಿಗೂ ಹೇಳುವುದಿಲ್ಲ, ಹೇಳಿದರೆ ಕೇಸಾಗುತ್ತದೆ. ಅಲ್ಲಿಗೆ ಮುನ್ನೆಚ್ಚರಿಕೆಯ ವ್ಯವಸ್ಥೆಯೂ ಕುರುಡಾಗುತ್ತದೆ. ಬಲ ಕಡಿಮೆಯಿದ್ದರೆ ಪ್ರಯೋಜನವಿಲ್ಲ, ಪ್ರಯೋಜನವಾಗುವಷ್ಟು ಬಲವಿದ್ದರೆ ಅದು ಅಪರಾಧ. ಇವೆರಡರ ನಡುವೆ ಬೆಳೆಗಾರರಿಗೆ ಒದಗುವ ಸುರಕ್ಷಿತ ಮಟ್ಟವೊಂದಿದೆ ಎಂಬುದೇ ಈ ನಂಬಿಕೆಯ ಮೂಲದ ತಪ್ಪು.

ಇದಕ್ಕೆ ಮೊದಲ ಆಕ್ಷೇಪ ಅನುಭವದ್ದು: ಏನೇ ಹೇಳಿ, ಬಂದೂಕು ಹಿಡಿದರೆ ಮಂಗ ಓಡುತ್ತದಲ್ಲ. ಓಡುತ್ತದೆ, ನಿಜ. ಆದರೆ ಯಾವುದಕ್ಕೆ ಹೆದರಿ ಓಡುತ್ತದೆ ಎಂದು ಬಿಡಿಸಿ ನೋಡಬೇಕು. ಬಂದೂಕು ಹಿಡಿದವರು ಹತ್ತಿರ ಬರುತ್ತಾರೆ, ಕೂಗುತ್ತಾರೆ, ನಾಯಿ ಜೊತೆಗಿರುತ್ತದೆ, ಕಣ್ಣಿಟ್ಟು ಹಿಂಬಾಲಿಸುತ್ತಾರೆ. ಇಷ್ಟರಲ್ಲಿ ಗುಂಡಿನ ಪಾಲು ತೀರ ಸಣ್ಣದು. ಗಂಡಸು ಬಂದರೆ ಸರಿಯುವ ಗುಂಪು ಹೆಂಗಸರು ಮಕ್ಕಳಿಗೆ ಹಲ್ಲು ಕಿರಿದು ನಿಲ್ಲುತ್ತದೆ, ಕೋವಿಯಿರುವವರನ್ನೂ ಬರೀ ಕೋಲು ಹಿಡಿದವರನ್ನೂ ಬೇರೆಬೇರೆಯಾಗಿ ಗುರುತಿಸುತ್ತದೆ ಎಂದು ಮಲೆನಾಡಿನ ಬೆಳೆಗಾರರೇ ಹೇಳುತ್ತಾರೆ. ಆ ಮಾತನ್ನೇ ಸಾಕ್ಷ್ಯವಾಗಿ ತೆಗೆದುಕೊಳ್ಳೋಣ. ಇಷ್ಟು ಸೂಕ್ಷ್ಮವಾಗಿ ಗಮನಿಸುವ ಪ್ರಾಣಿಗೆ ಒಂದು ಜೌಲಿನ ಚುರುಕು ಎಷ್ಟು ದೂರದವರೆಗೆ ಬರುತ್ತದೆ, ಯಾವ ಮರಕ್ಕೆ ತಲಪುವುದಿಲ್ಲ ಎಂದು ಕಲಿಯಲು ಎಷ್ಟು ದಿನ ಬೇಕು? ಅದು ಆ ದೂರದಾಚೆ ಕೂತು ಕಾಯುತ್ತದೆ, ಬಂದೂಕು ಮನೆಗೆ ಹೋದೊಡನೆ ಇಳಿಯುತ್ತದೆ. ಇಷ್ಟಕ್ಕೂ ಓಡಿದ ಗುಂಪು ಹೋಗುವುದು ಪಕ್ಕದ ತೋಟಕ್ಕೆ. ಅಲ್ಲಿಯೂ ಒಬ್ಬರು ಬಂದೂಕು ಕೊಂಡರೆ ವಾಪಸ್ಸು ಬರುತ್ತದೆ. ಒಂದು ಹೋಬಳಿಯ ನೂರು ಮನೆಯವರು ಪ್ರತ್ಯೇಕ ಪ್ರತ್ಯೇಕವಾಗಿ ಹಣ ಸುರಿದರೂ ಹೋಬಳಿಯ ಒಟ್ಟು ನಷ್ಟ ಇಳಿಯುವುದಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು, ಅದನ್ನು ಆಡುವವರ ಮೇಲೆ ನನಗೆ ಗೌರವವಿದೆ. ಬೆಳೆ ರಕ್ಷಣೆಗೆಂದು ಕೋವಿ ಪಡೆದ ರೈತರೂ ಪ್ರತಿ ಚುನಾವಣೆಯಲ್ಲಿ ಅದನ್ನು ಠಾಣೆಯಲ್ಲಿ ಠೇವಣಿ ಇಡಬೇಕು. ವಿಧಾನಸಭೆ, ಲೋಕಸಭೆ, ಪಂಚಾಯಿತಿ ಎಂದು ಸರದಿ ಬರುತ್ತಲೇ ಇರುತ್ತದೆ, ಕೆಲವೊಮ್ಮೆ ಸರಿಯಾಗಿ ಫಸಲಿನ ಕಾಲಕ್ಕೇ ಕೋವಿ ಕೈಯಲ್ಲಿರುವುದಿಲ್ಲ. ಹೊಸ ಪರವಾನಗಿಗೆ ಅಲೆದಾಟ ಬೇರೆ. ಆಳು ಸಿಗುವುದಿಲ್ಲ, ಸಿಕ್ಕವರನ್ನು ಮಂಗ ಕಾಯಲು ಕೂರಿಸಿದರೆ ಕೊಯ್ಲು ನಿಲ್ಲುತ್ತದೆ. ಹೀಗಿರುವಾಗ ಕೈಗೆಟುಕುವ ಆಟದ ರೈಫಲ್ಲನ್ನೂ ಬೇಡವೆಂದರೆ ಬೆಳೆಗಾರರು ಏನು ಮಾಡಬೇಕು ಎಂಬುದು ಅವರ ಪ್ರಶ್ನೆ. ಠೇವಣಿಯ ವಿಷಯದಲ್ಲಿ ಅವರ ದೂರು ಪೂರ್ತಿ ನ್ಯಾಯವಾದದ್ದು. ಯಾವ ಅಪರಾಧದ ಹಿನ್ನೆಲೆಯೂ ಇಲ್ಲದ ಸಣ್ಣ ಹಿಡುವಳಿದಾರರನ್ನು ಬಿಡಿಬಿಡಿಯಾಗಿ ಪರಿಶೀಲಿಸಿ ವಿನಾಯಿತಿ ಕೊಡುವುದು ಆಡಳಿತಕ್ಕೆ ಅಸಾಧ್ಯವೇನಲ್ಲ. ಆದರೆ ಆ ದೂರಿನಿಂದ ಆಟದ ರೈಫಲ್ಲು ತೋಟ ಕಾಯುತ್ತದೆ ಎಂಬ ತೀರ್ಮಾನ ಹೊರಡುವುದಿಲ್ಲ. ಕೋವಿಯ ಸದ್ದು ಏರ್‌ಸಾಫ್ಟಿಗಿಲ್ಲ. ಮೋಟಾರಿನ ಗುರುಗುರು ಸದ್ದಿಗಿಂತ ಡಬ್ಬಿ ಬಡಿದರೆ ಹೆಚ್ಚು ದೂರ ಕೇಳುತ್ತದೆ.

ಈ ಸೀಮೆಯಲ್ಲಿ ಬಂದೂಕಿನ ಮಾತು ಮಂಗನಿಗೇ ಮುಗಿಯುವುದೂ ಇಲ್ಲ. ಕೈಯಲ್ಲಿ ರೈಫಲ್ ಹಿಡಿದು ತೋಟ ಸುತ್ತುವವರಿಗೆ ಇಂದಲ್ಲ ನಾಳೆ ಆನೆ ಎದುರಾಗುತ್ತದೆ. ಹೈಕೋರ್ಟ್ ನೇಮಿಸಿದ್ದ, ರಾಮನ್ ಸುಕುಮಾರ್ ಅಧ್ಯಕ್ಷತೆಯ ಕಾರ್ಯಪಡೆ 2012ರಲ್ಲಿ ಆಲೂರು, ಸಕಲೇಶಪುರ ಭಾಗದ ಆನೆಗಳನ್ನು ಹಿಡಿದು ಸಾಗಿಸಲು ಸಲಹೆ ಕೊಟ್ಟಿತು, 2014ರಲ್ಲಿ 22 ಆನೆಗಳನ್ನು ಹಿಡಿದದ್ದೂ ಆಯಿತು. ಆನೆಗಳ ಓಡಾಟ ನಿಲ್ಲಲಿಲ್ಲ. 2023ರ ಆಗಸ್ಟಿನಲ್ಲಿ ಆಲೂರು ತಾಲ್ಲೂಕಿನಲ್ಲಿ, ಗಾಯಗೊಂಡಿದ್ದ ಭೀಮ ಎಂಬ ಕಾಡಾನೆಗೆ ಅರಿವಳಿಕೆ ಮದ್ದು ಹೊಡೆಯಲು ಹೋದ ಅನುಭವಿ ಸಿಬ್ಬಂದಿಯೇ ಅದರ ದಾಳಿಗೆ ಸಿಕ್ಕಿ ತೀರಿಕೊಂಡರು. ಅದೇ ವರ್ಷದ ಡಿಸೆಂಬರ್ 4ರಂದು ಯಸಳೂರು ವಲಯದ ಕಾರ್ಯಾಚರಣೆಯಲ್ಲಿ, ದಸರೆಯ ಅಂಬಾರಿ ಹೊತ್ತಿದ್ದ ಸಾಕಾನೆ ಅರ್ಜುನ ಒಂಟಿ ಸಲಗದ ತಿವಿತಕ್ಕೆ ಸತ್ತ. ತರಬೇತಿ, ಸಾಕಾನೆ, ವೈದ್ಯರು ಎಲ್ಲ ಇದ್ದ ತಂಡಗಳಿಗೇ ಹೀಗಾದ ಕಡೆ, ಪ್ಲಾಸ್ಟಿಕ್ ಗುಂಡಿನ ಬಂದೂಕು ಕೊಡುವ ಧೈರ್ಯ ಪ್ರಾಣಕ್ಕೆ ಎರವಾಗುವಂಥದ್ದು. ಏರ್‌ಗನ್ನಿನ ಸೀಸ ತಿಂದ ಆನೆಯಂತೂ ಆಮೇಲೆ ಎದುರಾಗುವ ಪ್ರತಿಯೊಬ್ಬರಿಗೂ ಅಪಾಯ. ಹೊಡೆದವರು ತಪ್ಪಿಸಿಕೊಂಡಿರುತ್ತಾರೆ, ಮರುದಿನ ಬೆಳಿಗ್ಗೆ ಅದೇ ದಾರಿಯಲ್ಲಿ ನಡೆದು ಕೆಲಸಕ್ಕೆ ಬರುವ ಆಳು ತಪ್ಪಿಸಿಕೊಳ್ಳುವುದಿಲ್ಲ.

ಬ್ಯಾಟರಿಗೆ ದುಡ್ಡು ಹಾಕಲು ಮನಸ್ಸಿದ್ದರೆ ಅದು ನಿಜವಾಗಿ ಕೆಲಸ ಮಾಡುವ ಜಾಗಗಳು ಇವೆ. ಆನೆಯ ಕೊರಳಿನ ರೇಡಿಯೊ ಕಾಲರು ಓಡುವುದು ಬ್ಯಾಟರಿಯಿಂದ. ಆನೆ ಇಂಥ ತೋಟದಲ್ಲಿದೆ ಎಂಬ ಸಂದೇಶ ಬೆಳಿಗ್ಗೆ ಮೊಬೈಲಿಗೆ ಬಂದು ಆಳುಗಳನ್ನು ಬೇರೆ ಕಡೆ ಕಳಿಸಲು ಸಾಧ್ಯವಾದಾಗ ಉಳಿಯುವುದು ಜೀವ. ಸೋಲಾರ್ ಬೇಲಿಯ ಯಂತ್ರ 12 ವೋಲ್ಟಿನ ಬ್ಯಾಟರಿಯಿಂದ ಸೆಕೆಂಡಿಗೆ ಸುಮಾರು ಒಂದರಂತೆ, ಕೆಲವು ಸಾವಿರ ವೋಲ್ಟಿನ ಕ್ಷಣಿಕ ಮಿಡಿತಗಳನ್ನು ತಂತಿಗೆ ಕಳಿಸುತ್ತದೆ. ಮಿಡಿತ ಅತಿ ಚಿಕ್ಕದಾದ್ದರಿಂದ ತಗುಲಿದ ಪ್ರಾಣಿ ಬೆಚ್ಚಿ ಹಿಂದೆ ಸರಿಯುತ್ತದೆ, ಸಾಯುವುದಿಲ್ಲ. ಮನೆಯ ಲೈನಿನಿಂದ ನೇರ ಕರೆಂಟು ಕೊಟ್ಟ ತಂತಿ ಕೊಲ್ಲುತ್ತದೆ, ಅದು ಕೊಲೆಗೆ ಸಮ. ಸೋಲಾರ್ ಬೇಲಿ ಸೋಲುವುದು ಬಹುಪಾಲು ಪಾಲನೆಯಿಲ್ಲದೆ: ಮಳೆಗಾಲದಲ್ಲಿ ಬೆಳೆದ ಕಳೆ ತಂತಿಗೆ ತಾಗಿ ಶಕ್ತಿ ನೆಲಕ್ಕೆ ಸೋರುತ್ತದೆ, ಅರ್ಥಿಂಗ್ ಕಡ್ಡಿ ಸಾಲದಾಗುತ್ತದೆ, ಬ್ಯಾಟರಿ ಮೋಡದ ವಾರಗಳನ್ನು ತಾಳುವುದಿಲ್ಲ. 11.1 ವೋಲ್ಟಿನ ಚರ್ಚೆಗೆ ಕೊಡುವ ಗಮನದಲ್ಲಿ ಸ್ವಲ್ಪವನ್ನು ಆ ಬ್ಯಾಟರಿಯ ಆಂಪಿಯರ್ ಅವರ್ ಲೆಕ್ಕಕ್ಕೆ ಕೊಟ್ಟರೆ ಎಷ್ಟೋ ಗದ್ದೆ ಉಳಿದೀತು. ಮಂಗನ ಮಟ್ಟಿಗೆ ಬೇಲಿಯ ಮಿತಿಯನ್ನೂ ಹೇಳಬೇಕು. ನೆರಳಿನ ಮರಗಳು ಕೊಂಬೆಗೆ ಕೊಂಬೆ ಕೂಡಿದ ಕಾಫಿ ತೋಟದಲ್ಲಿ ಅದು ಮೇಲಿನಿಂದ ಬರುತ್ತದೆ, ಯಾವ ತಂತಿಯೂ ತಡೆಯದು. ಮರದ ಕೊಂಬೆ ದೂರವಿರುವ ಬಾಳೆ, ತರಕಾರಿ, ಗದ್ದೆ, ಅಂಗಳಗಳಿಗೆ ಹತ್ತಿರ ಹತ್ತಿರ ಎಳೆದ ತಂತಿ ಉಪಯೋಗಕ್ಕೆ ಬರುತ್ತದೆ. ಹಿಮಾಚಲ ಪ್ರದೇಶ ತನ್ನ ಖೇತ್ ಸಂರಕ್ಷಣ್ ಯೋಜನೆಯಲ್ಲಿ ಇಂಥ ಬೇಲಿಗೆ ಶೇ. 80ರಷ್ಟು, ರೈತರು ಗುಂಪಾಗಿ ಬಂದರೆ ಶೇ. 85ರಷ್ಟು ಸಹಾಯಧನ ಕೊಟ್ಟಿತು.

ಹಿಮಾಚಲದಿಂದ ಕಲಿಯಬೇಕಾದ್ದು ಇನ್ನೂ ಒಂದಿದೆ. ಅಲ್ಲಿನ ಕೆಲವು ಭಾಗಗಳಲ್ಲಿ ಮಂಗನನ್ನು ಹಾನಿಕಾರಕ ಪ್ರಾಣಿಯೆಂದು 2016ರಲ್ಲಿ ಘೋಷಿಸಿ ಕೊಲ್ಲಲು ಅನುಮತಿಯನ್ನೇ ಕೊಟ್ಟರು. ಬಂದೂಕೇ ಪರಿಹಾರವಾಗಿದ್ದರೆ ಅಲ್ಲಿಗೆ ಕಾಟ ಮುಗಿಯಬೇಕಿತ್ತು. ರೈತರು ಕೊಂದದ್ದು ಬೆರಳೆಣಿಕೆಯಷ್ಟು. ಸಂಖ್ಯೆ ತಡೆಯಲು ಆ ಸರ್ಕಾರ ನೆಚ್ಚಿದ್ದು 2007ರ ಸುಮಾರಿಗೆ ಶುರುಮಾಡಿದ ಸಂತಾನಹರಣವನ್ನೇ. ಒಂದೂವರೆ ಲಕ್ಷಕ್ಕೂ ಹೆಚ್ಚು ಮಂಗಗಳಿಗೆ ಅದು ನಡೆದಿದೆ. ನಮ್ಮಲ್ಲಿ ಸಮಸ್ಯೆಯ ಬೇರು ಇನ್ನೂ ಸಂಕೀರ್ಣ. ಮೈಸೂರು ವಿಶ್ವವಿದ್ಯಾನಿಲಯದ ಮೇವಾ ಸಿಂಗ್ ಮತ್ತು ಸಂಗಡಿಗರು ರಸ್ತೆ ಬದಿಯ ಗುಂಪುಗಳನ್ನು ದಶಕಗಳ ಕಾಲ ಎಣಿಸಿದಾಗ ಕಂಡದ್ದು ಮಂಗಗಳ ಏರಿಕೆಯಲ್ಲ, ದೊಡ್ಡ ಕುಸಿತ. ಸಾಲುಮರದ ಆಲ, ಗೋಣಿಗಳು ಹೋದಂತೆ ಅವುಗಳ ನೆಲೆ ಹೋಯಿತು. ಅಂದರೆ ನೆಲೆ ಕಳೆದುಕೊಂಡ ಗುಂಪು ಆಹಾರವಿರುವ ಕಡೆ ಬಂದು ಸೇರುತ್ತದೆ. ಪೇಟೆಯಲ್ಲಿ ಹಿಡಿದ ಮಂಗಗಳನ್ನು ಘಾಟಿಯಲ್ಲಿ ತಂದು ಬಿಡುತ್ತಾರೆ ಎಂಬುದು ಮಲೆನಾಡಿನ ಹಳೆಯ ದೂರು. ಶಿರಾಡಿ ಘಾಟಿಯ ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ ಬಾಳೆಹಣ್ಣು, ಚಿಪ್ಸು ಎಸೆಯುವ ಪ್ರವಾಸಿಗರು ಮನುಷ್ಯನ ಕೈಯೇ ಅನ್ನದ ತಾಣವೆಂದು ಅವಕ್ಕೆ ಕಲಿಸುತ್ತಿದ್ದಾರೆ. ಈ ಯಾವುದಕ್ಕೂ ಉತ್ತರ ರೈಫಲ್ಲಿನ ನಳಿಗೆಯಲ್ಲಿಲ್ಲ.

ಏರ್‌ಸಾಫ್ಟನ್ನು ಆಟವಾಗಿ ಆಡುವವರ ಮೇಲೆ ನನ್ನ ತಕರಾರಿಲ್ಲ. ಸುತ್ತ ಬಲೆ ಕಟ್ಟಿದ ಮೈದಾನ, ಆಡುವ ಪ್ರತಿಯೊಬ್ಬರಿಗೂ ಗಟ್ಟಿ ಕನ್ನಡಕ, ದಾರಿಹೋಕರು ಕಾಣದ ಜಾಗ ಇದ್ದರೆ ಆಡಲಿ. ಅವರಿಗೂ ನನ್ನ ಸಲಹೆ ರೂಢಿಯದಕ್ಕೆ ವಿರುದ್ಧವಾದದ್ದೇ: ಬಂದೂಕು ಯಾವ ವೋಲ್ಟಿಗೆಂದು ಮಾಡಿದೆಯೋ ಅದನ್ನೇ ಹಾಕಿ, ಸಾಮಾನ್ಯವಾಗಿ 7.4 ಸಾಕು. ದಪ್ಪ ಹ್ಯಾಂಡ್‌ಗಾರ್ಡನ್ನೇ ಉಳಿಸಿ, ವೈರಿಗೆ ಫ್ಯೂಸ್ ಇರಲಿ, ಬಣ್ಣದ ತುದಿಯನ್ನು ತೆಗೆಯಬೇಡಿ, ಸಾಗಿಸುವಾಗ ಚೀಲದಿಂದ ಹೊರಗೆ ತೆಗೆಯಬೇಡಿ. ಈ ಸೀಮೆಯ ಬೆಳೆಗಾರರ ಸಂಘಗಳಲ್ಲಿ, ಗ್ರಾಮ ಪಂಚಾಯಿತಿಗಳಲ್ಲಿ ನನ್ನ ಮನವಿ ಬೇರೆ. ಮನೆಮನೆಗೊಂದು ಬಂದೂಕಿನ ಬದಲು ಊರಿಗೆ ಒಂದು ಕಾವಲಿನ ಸರದಿ ಗೊತ್ತುಮಾಡಿ, ಫಸಲಿನ ತಿಂಗಳುಗಳಲ್ಲಿ ಅಕ್ಕಪಕ್ಕದ ತೋಟದವರು ಕೂಡಿ ಅದರ ಕೂಲಿ ಹಂಚಿಕೊಳ್ಳಲಿ. ಸಂತಾನಹರಣ ಕೇಂದ್ರ, ಬೇಲಿಗೆ ಸಹಾಯಧನ, ಮಂಗನಿಂದಾದ ನಷ್ಟಕ್ಕೆ ತಕ್ಕ ಪರಿಹಾರ, ಕೋವಿ ಠೇವಣಿಯಲ್ಲಿ ಸಣ್ಣ ರೈತರಿಗೆ ವಿನಾಯಿತಿ, ಘಾಟಿಯಲ್ಲಿ ಮಂಗಗಳನ್ನು ತಂದು ಬಿಡುವುದಕ್ಕೂ ತಿಂಡಿ ಹಾಕುವುದಕ್ಕೂ ದಂಡ, ಇವಿಷ್ಟನ್ನು ನಿರ್ಣಯ ಮಾಡಿ ಜಿಲ್ಲಾಡಳಿತದ ಮುಂದಿಡಿ. ಈ ಬೇಡಿಕೆಗಳನ್ನು ಮುಂದಿನ ಕಾಫಿ ಕೊಯ್ಲು ಶುರುವಾಗುವ ಮೊದಲೇ ಹಾಸನಕ್ಕೆ ಮುಟ್ಟಿಸಬೇಕು.